ಸ್ನೇಹಿತರ ಪ್ರವಾಸ ಕಥನ ಅಚ್ಚಿಗೆ ಹೋಗುವ ಮುನ್ನ: ಕಾದಂಬರಿ ಬರೆಯುವವರು ಅದನ್ನು ಓದುವ ಬಗೆ

"ಗೆಳತಿಯೊಬ್ಬಳು ತನ್ನ ಪ್ರವಾಸ ಕಥನದ ಹಸ್ತಪ್ರತಿ ಕೊಟ್ಟಿದ್ದಾಳೆ. ಸದ್ಯದಲ್ಲೇ ಅಚ್ಚಿಗೆ ಹೋಗುತ್ತದಂತೆ. ನಾನು ಬರೆಯುವುದು ಕಾದಂಬರಿ. ಇದನ್ನು ಹೇಗೆ ಓದಲಿ, ಏನಂತ ಹೇಳಲಿ?" ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಇದೇ. ಇಷ್ಟು ದಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಟ್ಟಿದ್ದೆ. ಈಗ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನೂ ಕಾದಂಬರಿ ಬರೆಯುವವಳೇ. ಸ್ನೇಹಿತರ ಪ್ರವಾಸ ಕಥನಗಳನ್ನು ಓದಿಕೊಡುತ್ತಾ ಕೆಲವನ್ನು ಸರಿಯಾಗಿ ಮಾಡಿದ್ದೇನೆ, ಒಂದನ್ನು ಕೆಡಿಸಿದ್ದೇನೆ.

ಮೊದಲೇ ಒಂದು ಮಾತು ಮನಸ್ಸಿನಲ್ಲಿರಲಿ. ಈ ಕೆಲಸಕ್ಕೆ ಕಾದಂಬರಿಕಾರರ ಕಿವಿ ಬೇಕು, ಕೈ ಬೇಡ. ಬರಹ ಎಲ್ಲಿ ಸಪ್ಪೆಯಾಯಿತು, ಎಲ್ಲಿ ಮಾತು ಸುಳ್ಳಾಗಿ ಕೇಳಿಸಿತು, ಯಾವ ಪುಟದಲ್ಲಿ ಗಮನ ಜಾರಿತು ಎಂಬುದು ನಿಮಗೆ ಬೇರೆಯವರಿಗಿಂತ ಬೇಗ ಗೊತ್ತಾಗುತ್ತದೆ. ಆದರೆ ಸಪ್ಪೆಯಾದ ಜಾಗಕ್ಕೆ ಏನನ್ನಾದರೂ ಹುಟ್ಟಿಸಿ ತುಂಬುವುದು ನಮಗೆ ಅಂಟಿಕೊಂಡ ಅಭ್ಯಾಸ. ಪ್ರವಾಸ ಕಥನದ ಓದುಗರು "ಇದೆಲ್ಲ ನಡೆದದ್ದು" ಎಂದು ನಂಬಿ ಪುಸ್ತಕ ತೆರೆಯುತ್ತಾರೆ. ಅದಕ್ಕೇ ಇಡೀ ಓದಿನಲ್ಲಿ ನಿಮ್ಮ ಪಾಲಿಗೆ ಬರುವುದು ಪ್ರಶ್ನೆ ಕೇಳುವ ಕೆಲಸ. ಉತ್ತರ ಇರುವುದು ಹೋಗಿ ಬಂದವರ ಹತ್ತಿರ ಮಾತ್ರ.

ಕೂರುವ ಮುನ್ನ ಕೈಗೆ ಸಿಗುವಂತಿರಬೇಕಾದದ್ದು

ಹಸ್ತಪ್ರತಿಯ ಮುದ್ರಿತ ಪ್ರತಿ ಒಂದು, ಕಂಪ್ಯೂಟರಿನ ಫೈಲು ಒಂದು. ಎರಡೂ ಇರಲಿ. ಮೊದಲ ಓದಿಗೆ ಕಾಗದವೇ ಒಳ್ಳೆಯದು. ಪರದೆಯ ಮೇಲೆ ಓದುವಾಗ ಬೆರಳು ತಾನಾಗಿಯೇ ತಿದ್ದಲು ಹೊರಡುತ್ತದೆ.

ಹೋದ ಊರುಗಳ ನಕ್ಷೆ ಬೇಕು. ಅವರು ಪ್ರವಾಸ ಮಾಡಿದ ವರ್ಷದ ಕ್ಯಾಲೆಂಡರ್ ಬೇಕು, ಅದರಲ್ಲಿ ಹುಣ್ಣಿಮೆ ಅಮಾವಾಸ್ಯೆಗಳು ನಮೂದಾಗಿರಲಿ. ಯಾವ ದಿನ ಎಲ್ಲಿಂದ ಎಲ್ಲಿಗೆ ಹೋದರು ಎಂಬ ಒಂದು ಪುಟದ ಪಟ್ಟಿಯನ್ನು ಸ್ನೇಹಿತರಿಂದಲೇ ಬರೆಸಿಕೊಳ್ಳಿ. ಆ ಪಟ್ಟಿ ಬರೆಯುವಾಗಲೇ ಅರ್ಧ ತಪ್ಪುಗಳು ಅವರ ಕಣ್ಣಿಗೇ ಬೀಳುವುದನ್ನು ನೋಡಿದ್ದೇನೆ.

ಫೈಲಿನ ವಿಷಯದಲ್ಲಿ ಒಂದು ಎಚ್ಚರಿಕೆ. "ನುಡಿ" ಅಥವಾ "ಬರಹ" ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪಾದ ಕಡತ ನಿಮ್ಮ ಕಂಪ್ಯೂಟರಿನಲ್ಲಿ ಗುರುತು ಸಿಗದ ಅಕ್ಷರಗಳಾಗಿ ತೆರೆದುಕೊಳ್ಳಬಹುದು. ಆಗ ಅದನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕಾಗುತ್ತದೆ. ಯೂನಿಕೋಡ್ ಎಂದರೆ ಯಾವ ಯಂತ್ರದಲ್ಲಿ ತೆರೆದರೂ ಅಕ್ಷರ ಅಕ್ಷರವಾಗಿಯೇ ಉಳಿಯುವ ಸಂಕೇತ ಪದ್ಧತಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಒಮ್ಮೆ ನೋಡಿ. ಅಲ್ಲಿ ಕಾಣುವ ತಪ್ಪು ಯಂತ್ರದ್ದಿರಬಹುದು. ಅದನ್ನು ಬರೆದವರ ತಲೆಗೆ ಕಟ್ಟಿ "ನಿನಗೆ ಕಾಗುಣಿತವೇ ಬರುವುದಿಲ್ಲ" ಎಂದುಬಿಡಬೇಡಿ.

1. ಯಾವ ಹಂತದಲ್ಲಿ ಓದುತ್ತಿದ್ದೀರಿ ಎಂದು ಕೇಳಿ ತಿಳಿಯಿರಿ

"ಒಂದು ಸಲ ಕಣ್ಣಾಡಿಸು" ಎಂಬ ಮಾತಿಗೆ ಹತ್ತು ಅರ್ಥ. ಕೆಲವರಿಗೆ ಧೈರ್ಯ ಬೇಕಾಗಿರುತ್ತದೆ, ಕೆಲವರಿಗೆ ತಪ್ಪು ಹುಡುಕಿಕೊಡುವವರು ಬೇಕಾಗಿರುತ್ತಾರೆ, ಇನ್ನು ಕೆಲವರಿಗೆ ಮುನ್ನುಡಿ ಬೇಕಾಗಿರುತ್ತದೆ, ಅದನ್ನು ಕೇಳಲು ಸಂಕೋಚ. ನೇರವಾಗಿ ಮೂರು ಪ್ರಶ್ನೆ ಕೇಳಿ. ಇದು ಎಷ್ಟನೆಯ ಕರಡು? ಇನ್ನು ಎಷ್ಟು ಬದಲಾಯಿಸಲು ಅವಕಾಶವಿದೆ? ನಿನಗೇ ಅನುಮಾನವಿರುವ ಅಧ್ಯಾಯ ಯಾವುದು?

ಎರಡನೆಯ ಪ್ರಶ್ನೆಯ ಉತ್ತರ ಬಹಳ ಮುಖ್ಯ. ಕರಡು ಇನ್ನೂ ಅವರ ಕೈಯಲ್ಲೇ ಇದ್ದರೆ ಅಧ್ಯಾಯ ಹಿಂದೆಮುಂದೆ ಮಾಡಿ ಎನ್ನಬಹುದು. ಪುಟ ವಿನ್ಯಾಸ ಮುಗಿದು ಪ್ರೂಫ್ ಬಂದಿದ್ದರೆ, ಅಂದರೆ ಅಚ್ಚಾಗುವ ರೂಪದಲ್ಲೇ ಪುಟಗಳು ಸಿದ್ಧವಾಗಿದ್ದರೆ, ಒಂದು ಪ್ಯಾರಾ ಸೇರಿಸಿದರೂ ಮುಂದಿನ ಪುಟಗಳೆಲ್ಲ ಜರುಗುತ್ತವೆ. ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ, ಅಂದರೆ ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟಿನ ಲೆಕ್ಕದಲ್ಲಿ, ಸಾಮಾನ್ಯವಾಗಿ ಫಾರಂ ಒಂದಕ್ಕೆ 16 ಪುಟ. ಆ ಹಂತದಲ್ಲಿ "ಇಡೀ ಪುಸ್ತಕವನ್ನು ವಾಪಸು ಬರುವ ದಾರಿಯಿಂದ ಶುರು ಮಾಡಬೇಕಿತ್ತು" ಎಂದರೆ ಸ್ನೇಹಿತರಿಗೆ ಸಿಗುವುದು ನಿದ್ದೆಗೆಟ್ಟ ರಾತ್ರಿ ಮಾತ್ರ. ಪ್ರೂಫ್ ಹಂತದಲ್ಲಿ ವಾಸ್ತವದ ತಪ್ಪು, ಹೆಸರಿನ ತಪ್ಪು, ಯಾರಿಗಾದರೂ ತೊಂದರೆ ತರಬಹುದಾದ ಸಾಲು, ಇಷ್ಟನ್ನೇ ಹೇಳಿ.

ಯಾವತ್ತಿಗೆ ಓದಿ ಕೊಡುತ್ತೀರಿ ಎಂಬ ದಿನಾಂಕವನ್ನೂ ಆಗಲೇ ಹೇಳಿಬಿಡಿ. ಹಸ್ತಪ್ರತಿ ಕೊಟ್ಟವರು ದಿನ ಎಣಿಸುತ್ತಾ ಕೂತಿರುತ್ತಾರೆ, ನಿಮಗೆ ಫೋನ್ ಮಾಡಲು ಹಿಂಜರಿಯುತ್ತಿರುತ್ತಾರೆ.

2. ಮೊದಲ ಓದು: ಪೆನ್ನು ದೂರ ಇಡಿ

ಮೊದಲ ಸಲ ಪುಸ್ತಕ ಕೊಂಡ ಓದುಗರ ಹಾಗೆ ಓದಿ. ತಿದ್ದಬೇಡಿ. ಪೆನ್ಸಿಲಿನಲ್ಲಿ ಅಂಚಿಗೆ ಎರಡೇ ಬಗೆಯ ಗುರುತು ಹಾಕಿ. ಓದನ್ನು ನಿಲ್ಲಿಸಿ ಎದ್ದುಹೋದ ಕಡೆ ಒಂದು ಗೆರೆ, ಮತ್ತೆ ಹಿಂದಕ್ಕೆ ಹೋಗಿ ಓದಬೇಕಾದ ಕಡೆ ಒಂದು ಸುತ್ತು. ಓದು ಮುಗಿದ ಮೇಲೆ ಆ ಗೆರೆಗಳನ್ನು ಎಣಿಸಿ ನೋಡಿ. ಮೂರು ಗೆರೆ ಒಂದೇ ಅಧ್ಯಾಯದಲ್ಲಿ ಬಿದ್ದಿದ್ದರೆ ಅಲ್ಲಿ ಏನೋ ಆಗಿದೆ.

ಮುಗಿಸಿದ ದಿನವೇ, ಹಸ್ತಪ್ರತಿಯನ್ನು ಮುಚ್ಚಿಟ್ಟು, ನೆನಪಿನಲ್ಲಿ ಉಳಿದ ಐದು ಚಿತ್ರಗಳನ್ನು ಬರೆದಿಡಿ. ಇದನ್ನು ತಪ್ಪಿಸಬೇಡಿ, ಆಮೇಲೆ ತುಂಬ ಕೆಲಸಕ್ಕೆ ಬರುತ್ತದೆ. ಬರೆದವರು ಮುಖ್ಯವೆಂದುಕೊಂಡಿದ್ದಕ್ಕೂ ಓದಿದವರಲ್ಲಿ ಉಳಿದದ್ದಕ್ಕೂ ಎಷ್ಟು ದೂರವಿದೆ ಎಂಬುದು ಆ ಪಟ್ಟಿಯಲ್ಲಿ ಕಾಣುತ್ತದೆ. ಅರಮನೆಗೆ 12 ಪುಟ ಕೊಟ್ಟಿರುತ್ತಾರೆ. ನಿಮ್ಮಲ್ಲಿ ಉಳಿದಿರುವುದು ಅರಮನೆಯ ಬಾಗಿಲಲ್ಲಿ ಚಪ್ಪಲಿ ಕಾಯುತ್ತಾ ಪಾಠ ಓದಿಕೊಳ್ಳುತ್ತಿದ್ದ ಹುಡುಗಿ, ಅದೂ ಎರಡೇ ಸಾಲು.

3. ಎರಡನೆಯ ಓದು: ನಡೆದದ್ದು ಎಷ್ಟು, ಹೆಣೆದದ್ದು ಎಷ್ಟು

ಕಾದಂಬರಿಕಾರರು ಅತಿ ಹೆಚ್ಚು ಜಾರುವ ಜಾಗ ಇದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಓದುತ್ತಾ ಹೋದಂತೆ ನಿಮ್ಮ ತಲೆಯಲ್ಲಿ ಸಲಹೆಗಳು ಹುಟ್ಟುತ್ತವೆ. "ಈ ಇಬ್ಬರು ಚಾಲಕರನ್ನು ಒಬ್ಬನನ್ನಾಗಿ ಮಾಡು, ಪಾತ್ರ ಗಟ್ಟಿಯಾಗುತ್ತದೆ." "ಮಳೆ ಬಂದದ್ದು ಮಂಗಳವಾರವಾದರೇನು, ಬೀಳ್ಕೊಡುವ ದಿನಕ್ಕೆ ತಂದುಬಿಡು." "ಮುದುಕಿ ಕೊನೆಯಲ್ಲಿ ಏನಾದರೂ ಒಂದು ಮಾತು ಹೇಳಲಿ." ಕಾದಂಬರಿಯಲ್ಲಿ ಇವೆಲ್ಲ ಒಳ್ಳೆಯ ಸಲಹೆಗಳು. ಇಲ್ಲಿ ಕೊಡಬಾರದವು.

ಇಬ್ಬರು ಮೂವರನ್ನು ಸೇರಿಸಿ ಒಬ್ಬರನ್ನು ಮಾಡುವುದಕ್ಕೆ ಸಂಯುಕ್ತ ಪಾತ್ರ ಎನ್ನುತ್ತಾರೆ. ಹಿಂದೊಮ್ಮೆ ನಾನು ಗೆಳೆಯನೊಬ್ಬನಿಗೆ ಹಾಗೆ ಮಾಡಿಸಿದೆ. ನದಿ ದಾಟಿಸಿದ ಇಬ್ಬರು ದೋಣಿಯವರು ಅವನ ಪುಸ್ತಕದಲ್ಲಿ ಒಬ್ಬನಾದರು. ಅಧ್ಯಾಯ ನಿಜಕ್ಕೂ ಚೆನ್ನಾಯಿತು. ಪುಸ್ತಕ ಬಂದ ಮೇಲೆ ಜೊತೆಗೆ ಹೋಗಿದ್ದವರೊಬ್ಬರು ಓದಿ ಕೇಳಿದ್ದು ಒಂದೇ ಮಾತು: "ಇನ್ನೊಬ್ಬ ಎಲ್ಲಿ ಹೋದ?" ಗೆಳೆಯನ ಹತ್ತಿರ ಉತ್ತರವಿರಲಿಲ್ಲ. ಆ ಪ್ರಶ್ನೆ ಬರಬೇಕಾದದ್ದು ನನ್ನ ಬಳಿಗೆ.

ಹಾಗಾದರೆ ಪ್ರವಾಸ ಕಥನಕಾರರಿಗೆ ಸ್ವಾತಂತ್ರ್ಯವೇ ಇಲ್ಲವೇ? ಬೇಕಾದಷ್ಟಿದೆ. ಬಿಡಬಹುದು. ಆರಿಸಬಹುದು. ಹತ್ತು ದಿನವನ್ನು ಒಂದು ಸಾಲಿನಲ್ಲಿ ಮುಗಿಸಿ ಒಂದು ಗಂಟೆಗೆ ಹತ್ತು ಪುಟ ಕೊಡಬಹುದು. ಕೊನೆಯ ದಿನದಿಂದ ಆರಂಭಿಸಿ ಹಿಂದಕ್ಕೆ ಹೋಗಬಹುದು, ಹಿಂದಕ್ಕೆ ಹೋಗುತ್ತಿರುವುದು ಓದುಗರಿಗೆ ಗೊತ್ತಾದರೆ ಸಾಕು. ಆಗದೇ ಇದ್ದದ್ದನ್ನು ಆಯಿತು ಎನ್ನುವಂತಿಲ್ಲ, ಅಷ್ಟೇ.

ಎರಡನೆಯ ಓದಿನಲ್ಲಿ ಸಂಭಾಷಣೆಗಳನ್ನೆಲ್ಲ ಬೇರೆ ಬಣ್ಣದಲ್ಲಿ ಗುರುತು ಮಾಡಿಕೊಳ್ಳಿ. ಪ್ರತಿಯೊಂದರ ಪಕ್ಕ ಒಂದೇ ಪ್ರಶ್ನೆ ಬರೆಯಿರಿ: "ಇದನ್ನು ಅವರು ಯಾವ ಭಾಷೆಯಲ್ಲಿ ಹೇಳಿದರು?" ಈ ಒಂದು ಪ್ರಶ್ನೆಗೆ ಎಷ್ಟು ಬಲವಿದೆ ಎಂದರೆ, ಅರ್ಧ ಹಸ್ತಪ್ರತಿಯನ್ನು ಇದೊಂದೇ ಸರಿಮಾಡಬಲ್ಲದು. ಸ್ನೇಹಿತರಿಗೆ ಆ ನಾಡಿನ ಭಾಷೆಯಲ್ಲಿ ನಮಸ್ಕಾರ, ಎಷ್ಟು, ಬೇಡ ಎಂಬ ಮೂರು ಪದ ಬರುತ್ತಿತ್ತು. ಕುರಿ ಕಾಯುವವನಿಗೆ ಇಂಗ್ಲಿಷ್ ಗೊತ್ತಿರಲಿಲ್ಲ. ಆದರೆ ಹಸ್ತಪ್ರತಿಯಲ್ಲಿ ಆತ ಜೀವನದ ಅರ್ಥದ ಬಗ್ಗೆ ಒಂದೂವರೆ ಪುಟ ನಿರರ್ಗಳ ಕನ್ನಡ ಮಾತಾಡುತ್ತಾನೆ. ಅಲ್ಲಿ ನಿಜಕ್ಕೂ ಆದದ್ದೇನು? ಬಹುಶಃ ಆತ ಬೆಟ್ಟ ತೋರಿಸಿದ, ಕೈ ಬೆರಳು ಮಡಿಸಿ ನಾಲ್ಕು ಎಂದ, ನಕ್ಕ. ಆ ನಾಲ್ಕು ಏನೆಂದು ಸ್ನೇಹಿತರಿಗೆ ಗೊತ್ತಾಗಲೇ ಇಲ್ಲ: ನಾಲ್ಕು ಮಕ್ಕಳೋ, ನಾಲ್ಕು ಮೈಲಿಯೋ, ನಾಲ್ಕು ಗಂಟೆಯೋ. ಹಾಗೇ ಬರೆಯಲು ಹೇಳಿ. ಗೊತ್ತಾಗದೇ ಹೋದದ್ದೂ ಪ್ರವಾಸದಲ್ಲಿ ಆದದ್ದೇ.

ನಡುವೆ ದುಭಾಷಿ ಇದ್ದರೆ ಅವರನ್ನೂ ಪುಟದ ಮೇಲೆ ತನ್ನಿ ಎನ್ನಿ. ಮಾತು ಯಾರ ಬಾಯಿಂದ ಕೇಳಿದ್ದು ಎಂಬುದು ಓದುಗರಿಗೆ ತಿಳಿಯಬೇಕು. ನೆನಪಿನಿಂದ ಬರೆದ ಉದ್ದನೆಯ ಮಾತುಗಳನ್ನು ಉದ್ಧರಣ ಚಿಹ್ನೆ ತೆಗೆದು "ಅವರು ಹೇಳಿದ್ದು ಹೀಗೆ" ಎಂಬ ಧಾಟಿಗೆ ತಂದರೆ ಸಾಕು. ನೆನಪಿನಲ್ಲಿ ಅಚ್ಚೊತ್ತಿ ಉಳಿದ ನಾಲ್ಕು ಪದಗಳಿಗೆ ಮಾತ್ರ ಚಿಹ್ನೆ ಇರಲಿ.

ಇನ್ನೊಂದು ಪದದ ಮೇಲೆ ಕಣ್ಣಿಡಿ: "ನಾವು". ಪ್ರವಾಸ ಕಥನಗಳಲ್ಲಿ ಈ "ನಾವು" ಹಿಗ್ಗುತ್ತದೆ, ಕುಗ್ಗುತ್ತದೆ. ಒಮ್ಮೆ ಗಂಡ ಹೆಂಡತಿ, ಒಮ್ಮೆ 30 ಜನರ ತಂಡ, ಇನ್ನೊಮ್ಮೆ ಇಡೀ ದೇಶ. ಮೊದಲ ಅಧ್ಯಾಯದಲ್ಲೇ ಯಾರು ಯಾರು ಹೋದರು ಎಂದು ಹೇಳದಿದ್ದರೆ ನೂರನೆಯ ಪುಟದಲ್ಲಿ ಯಾರೋ ಒಬ್ಬರು ಕಾಯಿಲೆ ಬಿದ್ದಾಗ ಓದುಗರು "ಇವರು ಯಾವಾಗ ಬಂದರು?" ಎಂದು ಹಿಂದಕ್ಕೆ ಪುಟ ಮಗುಚುತ್ತಾರೆ.

4. ಸಪ್ಪೆಯಾದ ಜಾಗಕ್ಕೆ ಪ್ರಶ್ನೆ ಹಾಕಿ

ಮೊದಲ ಓದಿನಲ್ಲಿ ಗೆರೆ ಬಿದ್ದ ಪುಟಗಳಿಗೆ ಈಗ ವಾಪಸು ಹೋಗಿ. ಅಲ್ಲಿ ಬಹುತೇಕ ಸಿಗುವುದು ಇಂಥ ಪ್ಯಾರಾ:

"ಸರೋವರದ ಸೌಂದರ್ಯ ವರ್ಣನಾತೀತ. ಸ್ವರ್ಗವೇ ಧರೆಗಿಳಿದಂತಿತ್ತು. ಪ್ರಕೃತಿ ಮಾತೆಯ ಮಡಿಲಲ್ಲಿ ನಾವೆಲ್ಲ ಮೈಮರೆತೆವು. ಅಲ್ಲಿಂದ ಹೊರಡಲು ಮನಸ್ಸೇ ಬರಲಿಲ್ಲ."

ಇದನ್ನು ಬರೆದವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಅಲ್ಲಿ ನಿಜಕ್ಕೂ ಏನೋ ಆಗಿದೆ. ಅದನ್ನು ಹೇಳಲು ಕೈಗೆ ಸಿಕ್ಕ ಸಿದ್ಧ ಮಾತುಗಳು ಇವು. "ಸವಕಲು" ಎಂದು ಅಂಚಿನಲ್ಲಿ ಬರೆದರೆ ಅವರಿಗೆ ನೋವಾಗುತ್ತದೆ, ದಾರಿ ಸಿಗುವುದಿಲ್ಲ. ನೀವೇ ಒಂದು ಸುಂದರ ಸರೋವರ ಬರೆದುಕೊಟ್ಟರೆ ಇನ್ನೂ ಕೆಟ್ಟದ್ದು, ಏಕೆಂದರೆ ನೀವು ಆ ಸರೋವರ ನೋಡಿಲ್ಲ. ಹೀಗೆ ಕೇಳಿ: ಎಷ್ಟು ಹೊತ್ತಿಗೆ ತಲುಪಿದಿರಿ? ಗಾಡಿಯಿಂದ ಇಳಿದಾಗ ಮೊದಲು ಕಿವಿಗೆ ಬಿದ್ದದ್ದೇನು? ನೀರಿನ ಬಣ್ಣ ನೆನಪಿದೆಯೇ? ಮೊದಲು ಮಾತಾಡಿದ್ದು ಯಾರು? ಎಷ್ಟು ಹೊತ್ತು ಇದ್ದಿರಿ?

ಎದುರು ಕೂರಿಸಿಕೊಂಡೋ ಫೋನಿನಲ್ಲೋ ಕೇಳಿ, ಅವರು ಹೇಳುವುದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಇಂಥ ಉತ್ತರ ಬರುತ್ತದೆ:

"ಅಯ್ಯೋ, ಗಾಳಿ ಎಷ್ಟಿತ್ತು ಅಂದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸ್ತಿರಲಿಲ್ಲ. ಡ್ರೈವರ್ ಇಳಿಯಲೇ ಇಲ್ಲ. ಎಂಜಿನ್ ಆರಿಸಿದರೆ ಆ ಚಳಿಗೆ ಮತ್ತೆ ಹೊತ್ತಿಕೊಳ್ಳಲ್ಲ ಅಂತ ಅವನಿಗೆ ಭಯ. ನಾವು ನೋಡಿದ್ದು ಹತ್ತೇ ನಿಮಿಷ. ನೀರು ನೀಲಿ ಇರಲಿಲ್ಲ, ಬೂದಿ ಬಣ್ಣ. ಮೋಡ ಸರಿದಾಗ ಆಚೆ ದಡದ ಹತ್ತಿರ ಒಂದು ಪಟ್ಟಿ ಮಾತ್ರ ಹಸಿರಾಯ್ತು, ಮತ್ತೆ ಹೋಯ್ತು. ಅದು ಇನ್ನೊಂದು ಸಲ ಬರುತ್ತೆ ಅಂತ ಕಾದ್ವಿ, ಬರಲಿಲ್ಲ."

ಕಾಣಿಸಿತೇ? "ಹೊರಡಲು ಮನಸ್ಸೇ ಬರಲಿಲ್ಲ" ಎಂಬ ಸಾಲಿನೊಳಗೆ ಇಷ್ಟೆಲ್ಲ ಇತ್ತು. ಈಗ ನೀವು ಮಾಡಬೇಕಾದದ್ದು ಇಷ್ಟೇ: ಬರೆದುಕೊಂಡದ್ದನ್ನು ಅವರ ಕೈಗೆ ಕೊಟ್ಟು "ಈಗ ಹೇಳಿದೆಯಲ್ಲ, ಅದನ್ನೇ ಬರಿ" ಎನ್ನುವುದು. ಒಂದು ಪದವನ್ನೂ ಸೇರಿಸಬೇಡಿ. ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಸಂತೋಷ ಸಿಗುವ ಗಳಿಗೆ ಇದು. ಎದುರಿಗಿದ್ದವರ ಮುಖ ನೋಡಿದರೆ ನಿಮಗೂ ಗೊತ್ತಾಗುತ್ತದೆ.

ಸಪ್ಪೆಯ ಇನ್ನೊಂದು ಬಗೆ ಎರವಲು ಇತಿಹಾಸ. ಬರಹದ ಧಾಟಿ ತಟ್ಟನೆ ಬದಲಾಗಿ ಇಸವಿ, ರಾಜರ ಹೆಸರು, ಗೋಪುರದ ಎತ್ತರ ಸಾಲಾಗಿ ಬಂದರೆ ಅದು ಎಲ್ಲಿಂದಲೋ ಇಳಿಸಿದ್ದು. ಎಲ್ಲಿಂದ ಎಂದು ಕೇಳಿ. ವಿಕಿಪೀಡಿಯದ ಬರಹವನ್ನು ಯಾರು ಬೇಕಾದರೂ ಬಳಸಬಹುದು, ಆದರೆ ಮೂಲವನ್ನು ಹೆಸರಿಸಬೇಕು, ಅದೇ ಪರವಾನಗಿಯಲ್ಲಿ ಹಂಚಬೇಕು ಎಂಬ ಷರತ್ತು ಅದಕ್ಕಿದೆ. ಅಂತರ್ಜಾಲದಿಂದ ತೆಗೆದ ಫೋಟೋಗಳಿಗೂ ಮಾಲೀಕರಿರುತ್ತಾರೆ. ಪುಸ್ತಕ ಬಂದ ಮೇಲೆ ಈ ತಕರಾರು ಎದ್ದರೆ ತಲೆ ತಗ್ಗಿಸಬೇಕಾದವರು ನಿಮ್ಮ ಸ್ನೇಹಿತರು.

5. ಆಕಾಶ, ಗಡಿಯಾರ, ನಕ್ಷೆ

ಮೂರನೆಯ ಓದು ಪೂರ್ತಿ ವಾಸ್ತವದ ಪರಿಶೀಲನೆಗೆ. ಕ್ಯಾಲೆಂಡರ್, ನಕ್ಷೆ, ಸ್ನೇಹಿತರ ಪಟ್ಟಿ ಮೂರನ್ನೂ ಎದುರಿಗಿಟ್ಟುಕೊಳ್ಳಿ. ಕಥನಗಳಲ್ಲಿ ತಪ್ಪು ಹೆಚ್ಚು ಸಿಗುವುದು ಯಾರೂ ಅನುಮಾನಿಸದ ಕಡೆ, ಅಂದರೆ ವರ್ಣನೆಗಳಲ್ಲಿ.

ಚಂದ್ರನಿಂದ ಶುರು ಮಾಡಿ. ಹುಣ್ಣಿಮೆಯ ಚಂದ್ರ ಹುಟ್ಟುವುದು ಸೂರ್ಯ ಮುಳುಗುವ ಹೊತ್ತಿಗೆ, ಮುಳುಗುವುದು ಬೆಳಗಾಗುವ ಹೊತ್ತಿಗೆ. "ನಡುರಾತ್ರಿ ಬೆಟ್ಟದ ಹಿಂದಿನಿಂದ ಪೂರ್ಣಚಂದ್ರ ಮೇಲೆದ್ದ" ಎಂದಿದ್ದರೆ ನಿಲ್ಲಿಸಿ ಕೇಳಿ. ಬೆಟ್ಟ ಬಹಳ ಎತ್ತರವಿದ್ದು ತಡವಾಗಿ ಕಂಡಿರಬಹುದು, ಅಥವಾ ಅದು ಹುಣ್ಣಿಮೆ ಕಳೆದು ಕೆಲವು ದಿನವಾಗಿ ಅರ್ಧ ಸವೆದ ಚಂದ್ರನಿರಬಹುದು. ಸಂಜೆ ಪಶ್ಚಿಮದಲ್ಲಿ ಕಾಣುವ ತೆಳು ಗೆರೆ ಬೆಳೆಯುವ ಚಂದ್ರ. ಕ್ಷೀಣಿಸುವ ಚಂದ್ರನ ತೆಳು ಗೆರೆ ಕಾಣುವುದು ಬೆಳಗಿನ ಜಾವ, ಪೂರ್ವದಲ್ಲಿ.

ಸೂರ್ಯನ ದಿಕ್ಕನ್ನೂ ನೋಡಿ. ಆಸ್ಟ್ರೇಲಿಯಾದ ದಕ್ಷಿಣ ಭಾಗದಲ್ಲಿ, ನ್ಯೂಜಿಲೆಂಡಿನಲ್ಲಿ ನಡುಹಗಲ ಸೂರ್ಯ ಉತ್ತರಕ್ಕಿರುತ್ತಾನೆ. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಚಳಿಗಾಲ. ಕಾಂಬೋಡಿಯಾದ ಅಂಗ್ಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿರುವ ದೇಗುಲ. ಬೆಳಗ್ಗೆ ಅದರ ಮುಂದೆ ನಿಂತವರಿಗೆ ಸೂರ್ಯ ಕಾಣುವುದು ಗೋಪುರಗಳ ಹಿಂದಿನಿಂದ, ಗೋಪುರಗಳು ಕಪ್ಪು ನೆರಳಾಗಿ ನಿಲ್ಲುತ್ತವೆ. "ಬೆಳಗಿನ ಬಿಸಿಲು ಮುಂಭಾಗವನ್ನು ಹೊನ್ನಾಗಿಸಿತು" ಎಂಬ ಸಾಲು ಸಂಜೆಯದ್ದಿರಬೇಕು.

ಗಡಿಯಾರದ ವಿಷಯ. ನೇಪಾಳದ ಸಮಯ ಭಾರತಕ್ಕಿಂತ 15 ನಿಮಿಷ ಮುಂದೆ. ಏಷ್ಯಾದಿಂದ ಪೆಸಿಫಿಕ್ ಸಾಗರದ ಮೇಲೆ ಅಮೆರಿಕಕ್ಕೆ ಹಾರಿದವರು ಹೊರಟ ದಿನಾಂಕದಂದೇ, ಕೆಲವೊಮ್ಮೆ ಹೊರಟ ಗಂಟೆಗಿಂತ ಮೊದಲೇ, ಇಳಿಯುವುದುಂಟು. ಹಾಗಾಗಿ ದಿನದ ಲೆಕ್ಕ ತಪ್ಪಿದಂತೆ ಕಂಡರೆ ಮೊದಲು ದಿನಾಂಕ ರೇಖೆಯನ್ನು ನೆನಪು ಮಾಡಿಕೊಳ್ಳಿ. ತಿದ್ದುವ ಉತ್ಸಾಹದಲ್ಲಿ ಸರಿಯಾದದ್ದನ್ನು ತಪ್ಪು ಮಾಡುವ ಅಪಾಯವೂ ಇಲ್ಲಿದೆ. ಚೀನಾ ಅಷ್ಟು ಅಗಲದ ದೇಶವಾದರೂ ಅಲ್ಲಿ ಅಧಿಕೃತ ಸಮಯ ಒಂದೇ, ಬೀಜಿಂಗಿನದ್ದು. ಪಶ್ಚಿಮದ ತುದಿಯ ಕಾಶ್ಗರ್‌ನಲ್ಲಿ ಜೂನ್ ತಿಂಗಳ ರಾತ್ರಿ 10 ಗಂಟೆಗೂ ಬೆಳಕಿತ್ತು ಎಂದು ಸ್ನೇಹಿತರು ಬರೆದಿದ್ದರೆ ಅದು ಸರಿ. ವಿಚಿತ್ರವೆನಿಸಿದ್ದನ್ನೆಲ್ಲ ಹೊಡೆದುಹಾಕಬೇಡಿ, ಪ್ರಶ್ನೆ ಹಾಕಿ.

ಸಮಯ ತಾಳೆ ನೋಡಲು ಫೋಟೋಗಳು ಒಳ್ಳೆಯ ಸಾಕ್ಷಿ. ಚಿತ್ರದ ಫೈಲಿನೊಳಗೆ ತೆಗೆದ ದಿನಾಂಕ, ಸಮಯ, ಕೆಲವೊಮ್ಮೆ ಸ್ಥಳವನ್ನೂ ಯಂತ್ರವೇ ಬರೆದಿಟ್ಟಿರುತ್ತದೆ. ಇದಕ್ಕೆ ಎಕ್ಸಿಫ್ ಮಾಹಿತಿ ಎನ್ನುತ್ತಾರೆ. ಆದರೆ ಬಿಡಿ ಕ್ಯಾಮೆರಾದ ಗಡಿಯಾರವನ್ನು ಪ್ರಯಾಣದಲ್ಲಿ ಬದಲಿಸಲು ಎಷ್ಟೋ ಜನ ಮರೆಯುತ್ತಾರೆ. ಮೊಬೈಲು ಸಾಮಾನ್ಯವಾಗಿ ತಾನೇ ಬದಲಿಸಿಕೊಳ್ಳುತ್ತದೆ. ಒಂದೇ ದೃಶ್ಯದ ಎರಡು ಚಿತ್ರಗಳಲ್ಲಿ ಐದಾರು ಗಂಟೆ ವ್ಯತ್ಯಾಸ ಕಂಡರೆ ಕಾರಣ ಇದೇ ಇರಬಹುದು.

ಅಳತೆಗಳಲ್ಲಿ ಮೈಲಿ ಕಿಲೋಮೀಟರ್ ಆಗುವಾಗ, ಅಡಿ ಮೀಟರ್ ಆಗುವಾಗ ಸಂಖ್ಯೆ ಹಾಗೇ ಉಳಿದುಬಿಡುತ್ತದೆ. 1 ಮೈಲಿ ಸುಮಾರು 1.6 ಕಿಲೋಮೀಟರ್, 1 ಮೀಟರ್ ಸುಮಾರು 3.28 ಅಡಿ. "14,000 ಮೀಟರ್ ಎತ್ತರದ ಕಣಿವೆ ದಾರಿ" ಎಂಬುದು ಭೂಮಿಯ ಮೇಲೆ ಎಲ್ಲೂ ಇಲ್ಲ, ಎವರೆಸ್ಟ್ ಶಿಖರವೇ 8,849 ಮೀಟರಿಗೆ ಮುಗಿಯುತ್ತದೆ. "ಹೊರಗೆ 40 ಡಿಗ್ರಿ, ನಡುಗುತ್ತಿದ್ದೆವು" ಎಂದಿದ್ದರೆ ಅದು ಫ್ಯಾರನ್‌ಹೀಟ್, ಸೆಲ್ಸಿಯಸ್‌ನಲ್ಲಿ ಸುಮಾರು 4.

ಊರ ಹೆಸರುಗಳಿಗೆ ಶೈಲಿಪಟ್ಟಿ ಮಾಡಿ. ಒಂದು ಹೆಸರನ್ನು ಪುಸ್ತಕದುದ್ದಕ್ಕೂ ಒಂದೇ ರೀತಿ ಬರೆಯಲು ಇಟ್ಟುಕೊಳ್ಳುವ ಪಟ್ಟಿಗೆ ಹಾಗೆನ್ನುತ್ತಾರೆ. ಇಂಗ್ಲಿಷ್ ಅಕ್ಷರ ನೋಡಿ ಕನ್ನಡಕ್ಕೆ ಇಳಿಸಿದ ಹೆಸರುಗಳು ಮೋಸ ಮಾಡುತ್ತವೆ. "ಲೈಸೆಸ್ಟರ್" ಎಂದು ಬರೆದಿರುತ್ತಾರೆ, ಅಲ್ಲಿನವರು ಅನ್ನುವುದು ಲೆಸ್ಟರ್. "ಎಡಿನ್‌ಬರ್ಗ್" ಎಂದು ಬರೆದಿರುತ್ತಾರೆ, ಕಿವಿಗೆ ಕೇಳುವುದು ಎಡಿನ್‌ಬರಾ. ಸ್ನೇಹಿತರು ಅಲ್ಲಿ ಕೇಳಿ ಬಂದವರು, ಅವರ ಕಿವಿಯನ್ನೇ ಕೇಳಿ. ಪ್ಯಾರಿಸ್‌ನಂತೆ ಕನ್ನಡದಲ್ಲಿ ಆಗಲೇ ನೆಲೆಯಾದ ಹೆಸರನ್ನು ಮಾತ್ರ ಕದಲಿಸಬೇಡಿ. ಹಳೆಯ ಪ್ರವಾಸವಾದರೆ ಆ ಕಾಲದ ಹೆಸರು ಬೇಕು. 1985ರಲ್ಲಿ ಹೋದವರು ಇಳಿದದ್ದು ಲೆನಿನ್‌ಗ್ರಾಡ್‌ನಲ್ಲಿ. ಅದು ಮತ್ತೆ ಸೇಂಟ್ ಪೀಟರ್ಸ್‌ಬರ್ಗ್ ಆದದ್ದು 1991ರಲ್ಲಿ.

6. ಪುಸ್ತಕದೊಳಗೆ ಬಂದಿರುವ ಜನ

ನಮ್ಮ ಕಾದಂಬರಿಯ ಪಾತ್ರಗಳಿಗೆ ಮನೆ ವಿಳಾಸವಿಲ್ಲ. ಪ್ರವಾಸ ಕಥನದಲ್ಲಿರುವವರಿಗೆ ಇದೆ. ಅವರಲ್ಲಿ ಬಹುಮಂದಿ ತಮ್ಮ ಬಗ್ಗೆ ಬರೆಯುತ್ತಾರೆಂದು ಗೊತ್ತಿಲ್ಲದೆ ಮಾತಾಡಿದವರು.

ಅಂಥ ಪ್ರತಿ ವ್ಯಕ್ತಿಯ ಬಗ್ಗೆ ಕೇಳಿ: ಈ ಪುಟ ಆತನ ಕಣ್ಣಿಗೆ, ಆತನ ಮಾಲೀಕನ ಕಣ್ಣಿಗೆ, ಆ ದೇಶದ ಅಧಿಕಾರಿಗಳ ಕಣ್ಣಿಗೆ ಬಿದ್ದರೆ ಏನಾಗಬಹುದು? ಮಾರ್ಗದರ್ಶಿಯೊಬ್ಬ ನಂಬಿಕೆಯಿಂದ ಸರ್ಕಾರವನ್ನು ಬೈದಿರುತ್ತಾನೆ. ಹೆಸರು, ಊರು, ಗಾಡಿಯ ಬಣ್ಣ, ಕೆಲಸ ಮಾಡುವ ಹೋಟೆಲು ಎಲ್ಲವೂ ಪುಸ್ತಕದಲ್ಲಿರುತ್ತದೆ. ಕನ್ನಡ ಯಾರು ಓದುತ್ತಾರೆ ಎನ್ನುವ ಕಾಲ ಹೋಯಿತು, ಮೊಬೈಲು ಹಿಡಿದರೆ ಯಾವ ಪುಟವೂ ಯಾವ ಭಾಷೆಗೂ ಅನುವಾದವಾಗುತ್ತದೆ. ಹೆಸರು ಬದಲಿಸಿದರೆ ಸಾಲದು, ಗುರುತು ಹಿಡಿಸುವ ವಿವರಗಳನ್ನೂ ತೆಗೆಯಬೇಕು. ತೆಗೆದಿದ್ದೇವೆ ಎಂದು ಪುಸ್ತಕದ ಮೊದಲಲ್ಲೇ ಒಂದು ಸಾಲು ಹಾಕಿದರೆ ಓದುಗರಿಗೂ ಮೋಸವಾಗದು. ಸಂಯುಕ್ತ ಪಾತ್ರಕ್ಕೂ ಇದಕ್ಕೂ ವ್ಯತ್ಯಾಸವಿದೆ: ಇಲ್ಲಿ ನಡೆದದ್ದು ಬದಲಾಗಿಲ್ಲ, ಮುಖಕ್ಕೆ ಮುಸುಕು ಹಾಕಿದೆ, ಹಾಕಿದ್ದೇವೆಂದು ಹೇಳಿದೆ.

ಜೊತೆಗೆ ಹೋದವರ ಜಗಳಗಳು, ಕಾಯಿಲೆಗಳು, ಹಣದ ವಿಚಾರ ಬಂದಿದ್ದರೆ ಅವರಿಗೆ ಆ ಪುಟಗಳನ್ನು ಮೊದಲೇ ತೋರಿಸಲು ಹೇಳಿ.

ಇದಕ್ಕೇ ಸೇರಿದ ಇನ್ನೊಂದು ಮಾತು. "ಇಲ್ಲಿನ ಜನ ಮುಗ್ಧರು", "ಇವರಿಗೆ ಸಮಯದ ಬೆಲೆ ಗೊತ್ತಿಲ್ಲ" ಎಂಬ ಸಾಲುಗಳ ಪಕ್ಕ "ಎಷ್ಟು ಜನರನ್ನು ನೋಡಿ ಹೀಗೆ ಅನ್ನಿಸಿತು?" ಎಂದು ಬರೆಯಿರಿ. ಮೂರು ದಿನ, ಒಬ್ಬ ಚಾಲಕ, ಇಬ್ಬರು ಹೋಟೆಲಿನವರು ಎಂಬ ಉತ್ತರ ಬಂದರೆ ಆ ಮೂವರ ಬಗ್ಗೆಯೇ ಬರೆಯಲಿ. ಹೊಗಳಿಕೆಯಾದರೂ ಸರಿ, ತೆಗಳಿಕೆಯಾದರೂ ಸರಿ, ಇಡೀ ಜನಾಂಗಕ್ಕೆ ಹೊದಿಸುವ ಒಂದೇ ಕಂಬಳಿ ಬೇಡ.

7. ಭಾಷೆಗೆ ಕೈ ಹಾಕುವಾಗ

ಕಡಿಮೆ ಹಾಕಿ. ಕಾಗುಣಿತ, ಅರ್ಥ ಕೆಡಿಸುವ ವಾಕ್ಯ, ಒಂದೇ ಪುಟದಲ್ಲಿ ಐದು ಸಲ ಬಂದ ಪದ, ಇವನ್ನು ಗುರುತಿಸಿ. ಅವರ ಆಡುಮಾತಿನ ಲಯವನ್ನು ನಿಮ್ಮ ಗದ್ಯದ ಲಯಕ್ಕೆ ತರಬೇಡಿ. ಅವರು "ಹೋದ್ವಿ, ನೋಡಿದ್ವಿ" ಎಂದು ಬರೆಯುವವರಾದರೆ ಪುಸ್ತಕವೂ ಹಾಗೇ ಮಾತಾಡಲಿ. ಪುಸ್ತಕದಲ್ಲಿ ನಿಮ್ಮ ದನಿ ಕೇಳಿಸಿದರೆ ಓದು ಸೋತಿತು ಎಂದೇ ನನ್ನ ಎಣಿಕೆ.

ಕಂಪ್ಯೂಟರಿನಲ್ಲಿ ತಿದ್ದುವುದಾದರೆ ತಿದ್ದುಪಡಿ ಕಾಣಿಸುವ ಸೌಲಭ್ಯವನ್ನು ಮೊದಲು ಚಾಲೂ ಮಾಡಿ. ವರ್ಡ್‌ನಲ್ಲಿ ಅದಕ್ಕೆ ಟ್ರ್ಯಾಕ್ ಚೇಂಜಸ್ ಎಂದೂ ಗೂಗಲ್ ಡಾಕ್ಸ್‌ನಲ್ಲಿ ಸಜೆಸ್ಟಿಂಗ್ ಎಂದೂ ಹೆಸರು. ನೀವು ಬದಲಿಸಿದ್ದೆಲ್ಲ ಬೇರೆ ಬಣ್ಣದಲ್ಲಿ ಕಾಣುತ್ತದೆ, ಬೇಕಾದ್ದನ್ನು ಅವರು ಒಪ್ಪಬಹುದು, ಬೇಡದ್ದನ್ನು ಬಿಡಬಹುದು. ಗೊತ್ತಾಗದಂತೆ ತಿದ್ದಿ ಕಳಿಸುವುದು ಸ್ನೇಹಕ್ಕೆ ಮಾಡುವ ದ್ರೋಹ. ಅದು ಒಂದು ಅಲ್ಪವಿರಾಮವಾದರೂ ಸರಿ.

8. ಹೇಳುವ ಬಗೆ

ಓದಿ ಮುಗಿಸಿದ ರಾತ್ರಿಯೇ ಏನೂ ಹೇಳಬೇಡಿ, "ಓದಿ ಆಯಿತು, ಎರಡು ದಿನದಲ್ಲಿ ಬರೆಯುತ್ತೇನೆ" ಎಂಬ ಸಂದೇಶ ಮಾತ್ರ ಕಳಿಸಿ. ಮೌನ ಅವರನ್ನು ಕಾಡುತ್ತದೆ.

ಆಮೇಲೆ ಒಂದು ಪತ್ರ ಬರೆಯಿರಿ. ಎರಡು ಪುಟ ಮೀರದಿರಲಿ. ಮೊದಲ ಭಾಗದಲ್ಲಿ ನೆನಪಿನಿಂದ ಬರೆದಿಟ್ಟಿದ್ದ ಆ ಐದು ಚಿತ್ರಗಳನ್ನು ಪುಟ ಸಂಖ್ಯೆಯ ಸಮೇತ ಹೇಳಿ. "ಚೆನ್ನಾಗಿದೆ" ಎಂಬ ಮಾತಿಗಿಂತ "ಪುಟ 61ರ ಚಪ್ಪಲಿ ಕಾಯುವ ಹುಡುಗಿ ಇನ್ನೂ ನನ್ನ ಕಣ್ಣ ಮುಂದಿದ್ದಾಳೆ, ಅವಳಿಗೆ ಇನ್ನಷ್ಟು ಜಾಗ ಇದೆಯೇ?" ಎಂಬ ಮಾತಿನಿಂದ ಅವರಿಗೆ ಹತ್ತು ಪಟ್ಟು ಉಪಯೋಗ. ನಂತರ ದೊಡ್ಡ ವಿಷಯಗಳು, ಮೂರೇ ಮೂರು. ಹತ್ತು ಹೇಳಿದರೆ ಯಾವುದೂ ಆಗುವುದಿಲ್ಲ. ಸಣ್ಣಪುಟ್ಟವೆಲ್ಲ ಹಸ್ತಪ್ರತಿಯ ಅಂಚಿನಲ್ಲಿ ಇದ್ದೇ ಇವೆ. ಯಾರಿಗಾದರೂ ಅಪಾಯ ತರುವ ಸಾಲು ಸಿಕ್ಕಿದ್ದರೆ ಅದನ್ನು ಮಾತ್ರ ಪತ್ರಕ್ಕೆ ಕಾಯದೆ ಫೋನಿನಲ್ಲೇ ಹೇಳಿಬಿಡಿ.

"ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ" ಎಂಬ ವಾಕ್ಯ ಪತ್ರದಲ್ಲಿ ಎಲ್ಲಾದರೂ ಬಂದಿದ್ದರೆ ಹೊಡೆದುಹಾಕಿ, ಅದರ ಜಾಗದಲ್ಲಿ ಒಂದು ಪ್ರಶ್ನೆ ಇಡಿ. ಸಲಹೆಯನ್ನು ಅವರು ಒಪ್ಪದಿದ್ದರೆ ಒಮ್ಮೆ ಕಾರಣ ಹೇಳಿ, ಎರಡನೆಯ ಸಲ ಬೇಡ.

ಮುನ್ನುಡಿ ಕೇಳಿದರೆ ಪೂರ್ತಿ ಓದುವ ತನಕ ಮಾತು ಕೊಡಬೇಡಿ. ಒಪ್ಪಿದ ಮೇಲೂ ಮುನ್ನುಡಿಯಲ್ಲಿ ತಿದ್ದುಪಡಿಯ ಕಥೆ ಹೇಳಬೇಡಿ. ನೀವು ಓದಿಕೊಟ್ಟ ಪುಸ್ತಕಕ್ಕೆ ಮೂರನೆಯವರ ಹಾಗೆ ವಿಮರ್ಶೆ ಬರೆಯುವುದೂ ಸರಿಯಲ್ಲ.

9. ತಿದ್ದಿದ ಪ್ರತಿ ವಾಪಸು ಬಂದಾಗ

ಇಡೀ ಪುಸ್ತಕವನ್ನು ಮತ್ತೆ ಓದುವುದು ಬೇಡ. ಬದಲಾದ ಪುಟ, ಅದರ ಹಿಂದಿನದೊಂದು, ಮುಂದಿನದೊಂದು ಓದಿ. ಒಂದು ಕಡೆ ತೆಗೆದ ವ್ಯಕ್ತಿ ಇನ್ನೊಂದು ಕಡೆ ಉಳಿದುಕೊಂಡಿರುವುದು, ಹೆಸರು ಮುಚ್ಚಿಟ್ಟವರ ನಿಜ ಹೆಸರು ಒಂದೇ ಒಂದು ಸಾಲಿನಲ್ಲಿ ಹಾಗೇ ಇರುವುದು ಆಗುತ್ತಲೇ ಇರುತ್ತದೆ. ಹಳೆಯ ಹೆಸರನ್ನು ಫೈಲಿನಲ್ಲಿ ಹುಡುಕು ಸೌಲಭ್ಯದಿಂದ ಹುಡುಕಿ. ವಿಭಕ್ತಿ ಪ್ರತ್ಯಯ ಸೇರಿದಾಗ ಹೆಸರಿನ ಕೊನೆ ಬದಲಾಗುತ್ತದೆ, ಆದ್ದರಿಂದ ಮೊದಲ ಎರಡಕ್ಷರ ಮಾತ್ರ ಕೊಟ್ಟು ಹುಡುಕುವುದು ಲೇಸು.

ಕೊನೆಯದಾಗಿ ಫೋಟೋಗಳ ಅಡಿಬರಹ, ಪರಿವಿಡಿ, ಅರ್ಪಣೆ, ಕೃತಜ್ಞತೆ, ಬೆನ್ನುಡಿ. ಇವನ್ನು ಎಲ್ಲರೂ ಕೊನೇ ಗಳಿಗೆಯಲ್ಲಿ ಬರೆಯುತ್ತಾರೆ, ಯಾರೂ ಎರಡು ಸಲ ಓದುವುದಿಲ್ಲ. ಒಳಗೆ ಹೆಸರು ಬದಲಿಸಿ ಕಾಪಾಡಿದ ಮಾರ್ಗದರ್ಶಿಯ ನಿಜ ಹೆಸರು ಕೃತಜ್ಞತೆಯ ಪುಟದಲ್ಲಿ, ಆತನ ಮುಖ 3ನೆಯ ಫೋಟೋದಲ್ಲಿ, ಇದ್ದೀತು. ಅದೊಂದನ್ನು ಖಚಿತ ಮಾಡಿಕೊಂಡ ಮೇಲೆ "ನನ್ನ ಕಡೆಯಿಂದ ಆಯಿತು, ಅಚ್ಚಿಗೆ ಕಳಿಸು" ಎಂದು ಬರೆಯಿರಿ.